ಅಂಗಡಿ ನಮ್ಮದು, ಅಡಿಯ ನೆಲ ಯಾರದು?

ಕೋಡ್ ಎಂಬುದರ ಒಂದಕ್ಷರ ಬಾರದಿದ್ದರೂ ಅರ್ಧ ತಾಸಿನೊಳಗೆ ನಿಮ್ಮ ಸ್ವಂತ ವೆಬ್‌ಸೈಟನ್ನು ನೀವೇ ಕಟ್ಟಿಕೊಳ್ಳಬಹುದು ಎಂಬ ಜಾಹೀರಾತು ಇಂದು ಎಲ್ಲರ ಮೊಬೈಲಿಗೂ ಬರುತ್ತಿದೆ. ಅಣ್ಣಿಗೇರಿಯ ಮೆಣಸಿನಕಾಯಿ ವ್ಯಾಪಾರಿಗೂ ಬರುತ್ತದೆ, ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವವರಿಗೂ ಬರುತ್ತದೆ, ನವಲಗುಂದದ ಅರಿವೆ ಅಂಗಡಿಯವರಿಗೂ ಬರುತ್ತದೆ. ವಿಕ್ಸ್, ಸ್ಕ್ವೇರ್‌ಸ್ಪೇಸ್, ಶಾಪಿಫೈ, ವೆಬ್‌ಫ್ಲೋ, ದುಕಾನ್ ಎಂದು ಹೆಸರು ಹಲವಿದ್ದರೂ ಆಶ್ವಾಸನೆ ಒಂದೇ. ಇವಕ್ಕೆ ‘ನೋ-ಕೋಡ್’ ವೇದಿಕೆಗಳೆಂದು ಕರೆಯುತ್ತಾರೆ. ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದು ತಮಗೆ ಸಂಬಂಧಪಡದ ಸಂಗತಿಯೆಂದು ತೋರಬಹುದು. ಆದರೆ ಅವರ ಮಕ್ಕಳಲ್ಲಿ ಕೆಲವರು ಹುಬ್ಬಳ್ಳಿ-ಧಾರವಾಡಗಳ ಕಂಪ್ಯೂಟರ್ ತರಗತಿಗಳಿಗೆ ಹೋಗಿ ಇದೇ ವೆಬ್‌ಸೈಟ್ ಕಟ್ಟುವ ಕಸಬನ್ನು ಕಲಿತು ಹೊಟ್ಟೆ ಹೊರೆಯುತ್ತಿದ್ದಾರೆ. ಇತ್ತ ಕಿರಕೋಳ ವ್ಯಾಪಾರಿಗಳಿಗಂತೂ ಇದು ನಾಳಿನ ಗಿರಾಕಿಯ ಪ್ರಶ್ನೆ. ಆದುದರಿಂದ ಈ ಹೊಸ ಯಂತ್ರದ ಗುಣವನ್ನೂ ಅವಗುಣವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಅವಶ್ಯವೆಂದು ನಾವು ಭಾವಿಸಿದ್ದೇವೆ.

ಮೊದಲು ಇದು ಏನು ಎಂಬುದನ್ನು ತಿಳಿದುಕೊಳ್ಳೋಣ. 1991ರಲ್ಲಿ ಜಗತ್ತಿನ ಮೊದಲ ವೆಬ್‌ಸೈಟ್ ಹುಟ್ಟಿದಾಗ ಒಂದು ಪುಟವನ್ನು ಕಟ್ಟಬೇಕಾದರೆ ಎಚ್‌ಟಿಎಮ್‌ಎಲ್ ಎಂಬ ಸಂಕೇತ ಭಾಷೆಯನ್ನು ಕಲಿಯಲೇಬೇಕಾಗಿತ್ತು. ಕಲಿತವರು ಕೆಲವರು, ಕಲಿಯದವರು ಅವರಿಗೆ ಹಣ ಕೊಟ್ಟು ಮಾಡಿಸುವವರು. 1994ರಲ್ಲಿ ಅಮೇರಿಕೆಯಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸಂಸ್ಥೆ ಸಾಮಾನ್ಯ ಜನರಿಗೆ ಪುಕ್ಕಟೆಯಾಗಿ ಜಾಗ ಕೊಡತೊಡಗಿತು. 2003ರಲ್ಲಿ ವರ್ಡ್‌ಪ್ರೆಸ್ ಮತ್ತು ಸ್ಕ್ವೇರ್‌ಸ್ಪೇಸ್ ಬಂದವು. 2006ರಲ್ಲಿ ಇಸ್ರೇಲಿನಲ್ಲಿ ವಿಕ್ಸ್, ಕೆನಡಾದಲ್ಲಿ ಶಾಪಿಫೈ ಹುಟ್ಟಿದವು. ಅಲ್ಲಿಂದ ಮುಂದೆ ಪುಟವನ್ನು ಬರೆಯುವ ಕೆಲಸ ಹೋಗಿ ಜೋಡಿಸುವ ಕೆಲಸ ಬಂದಿತು. ಚಿತ್ರದ ತುಂಡು, ಬೆಲೆಯ ತುಂಡು, ವಿಳಾಸದ ತುಂಡು, ಹಣ ಕೊಡುವ ಗುಂಡಿ ಇವೆಲ್ಲ ಮೊದಲೇ ತಯಾರಾಗಿರುತ್ತವೆ. ಬೆರಳಿನಿಂದ ಎಳೆದು ಬೇಕಾದ ಜಾಗದಲ್ಲಿ ಇಟ್ಟರಾಯಿತು. ಈಗಂತೂ ಕೃತ್ರಿಮ ಬುದ್ಧಿಮತ್ತೆಯ ಯಂತ್ರಗಳಿಗೆ ನಮಗೆ ಬೇಕಾದುದನ್ನು ಬಾಯಿಮಾತಿನಲ್ಲಿ ಹೇಳಿದರೆ ಅವೇ ಪುಟವನ್ನು ಜೋಡಿಸಿಕೊಡುವ ಕಾಲ ಬಂದಿದೆ.

ಛಾಪಖಾನೆಯ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಕನ್ನಡದ ಅಚ್ಚಿನ ಮೊಳೆಗಳೆಂದರೆ ಅಕ್ಷರ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮನೆಗಳ ಪೆಟ್ಟಿಗೆ. ಯಾವ ಮನೆಯಲ್ಲಿ ಯಾವ ಮೊಳೆ ಇದೆಯೆಂಬುದು ಜೋಡಿಸುವವನ ಬೆರಳಿಗೇ ಗೊತ್ತಿರುತ್ತಿತ್ತು. ಆಮೇಲೆ ಕಂಪ್ಯೂಟರಿನ ಡಿ.ಟಿ.ಪಿ. ಬಂದು ಮೊಳೆಯ ಪೆಟ್ಟಿಗೆ ಮೂಲೆ ಸೇರಿತು. ನೇಯಿಗೆಯವರಿಗೆ ಇನ್ನೂ ಹಳೆಯ ಉದಾಹರಣೆ ಗೊತ್ತಿದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬವನು ತೂತು ಕೊರೆದ ರಟ್ಟುಗಳನ್ನು ಮಗ್ಗಕ್ಕೆ ಕಟ್ಟಿದ. ಅಂದಿನ ತನಕ ನೇಕಾರನ ತಲೆಯಲ್ಲಿದ್ದ ಚಿತ್ತಾರ ಅಂದಿನಿಂದ ರಟ್ಟಿನ ತೂತಿಗೆ ಇಳಿಯಿತು. ರಟ್ಟು ಯಾರದೋ ಚಿತ್ತಾರ ಅವರದಾಯಿತು. ನೋ-ಕೋಡ್ ಎಂಬುದೂ ಇಂಥದೇ. ಹೆಸರಿನಲ್ಲಿ ಕೋಡ್ ಇಲ್ಲವೆಂದಿದ್ದರೂ ಕೋಡ್ ಎಲ್ಲಿಯೂ ಹೋಗಿಲ್ಲ. ಅದನ್ನು ದೂರದ ಊರಿನ ಎಂಜಿನಿಯರರು ಬರೆದಿಟ್ಟಿದ್ದಾರೆ, ಅವರ ಕಂಪನಿ ಅದನ್ನು ನಮಗೆ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದೆ.

ಯಂತ್ರವನ್ನು ಕಂಡಲ್ಲಿ ಕಲ್ಲು ಬೀಸುವ ಜಾತಿಗೆ ನಾವು ಸೇರಿದವರಲ್ಲ. ಸಣ್ಣವನ ಕೈಗೆ ನಿಲುಕುವ ಸಣ್ಣ ಯಂತ್ರ ಬೇಕೆಂದು ಡಾ. ಲೋಹಿಯಾ ಅವರು ತಮ್ಮ ಜೀವಮಾನವಿಡೀ ಹೇಳಿದರು. ಆ ಮಾತಿನ ಬೆಳಕಿನಲ್ಲಿ ನೋಡಿದರೆ ಈ ವೇದಿಕೆಗಳಲ್ಲಿ ಒಳ್ಳೆಯದು ಇದ್ದೇ ಇದೆ. ಮೊದಲು ವೆಬ್‌ಸೈಟ್ ಮಾಡಿಸುವುದೆಂದರೆ ದೊಡ್ಡ ಅಂಗಡಿಯವರ ಮಾತು. ಬೆಲೆ ಬದಲಾದರೂ ಮಾಡಿಕೊಟ್ಟವನನ್ನೇ ಹುಡುಕಿಕೊಂಡು ಹೋಗಬೇಕು. ಅವನು ಊರು ಬಿಟ್ಟಿದ್ದರೆ ಮುಗಿಯಿತು. ಈಗ ಮನೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುವ ತಾಯಂದಿರು ಕೂಡ ತಮ್ಮ ಸರಕಿನ ಪುಟವನ್ನು ತಾವೇ ತೆರೆಯಬಲ್ಲರು, ತಾವೇ ತಿದ್ದಬಲ್ಲರು. 2020ರ ಲಾಕ್‌ಡೌನಿನಲ್ಲಿ ಪೇಟೆಯ ಬಾಗಿಲು ಮುಚ್ಚಿದಾಗ ಮೊಬೈಲಿನ ಮೇಲೆಯೇ ಅಂಗಡಿ ತೆರೆದು ಜೀವ ಹಿಡಿದುಕೊಂಡ ಸಣ್ಣ ವ್ಯಾಪಾರಿಗಳು ದೇಶದ ತುಂಬ ಇದ್ದಾರೆ. ಈ ಅನುಕೂಲವನ್ನು ಅಲ್ಲಗಳೆಯುವವನು ಬಡವನ ಕಷ್ಟ ಅರಿಯದವನು.

ಆದರೆ ಅನುಕೂಲ ಬೇರೆ, ಒಡೆತನ ಬೇರೆ. ಈ ಭಾಗದ ರೈತನಿಗೆ ಇದನ್ನು ಕಲಿಸಬೇಕಾಗಿಲ್ಲ. ಲಾವಣಿಗೆ ಹೊಲ ಮಾಡಿದವನು ಹೆಂಟೆ ಒಡೆಯಬಹುದು, ಕಸ ತೆಗೆಯಬಹುದು, ಒಡ್ಡು ಹಾಕಬಹುದು, ಗೊಬ್ಬರ ಹೇರಬಹುದು. ಹೊಲ ಹಸನಾದ ವರ್ಷವೇ ಹೊಲದ ಧಣಿ ಬಂದು ಬಿಡು ಎಂದರೆ ಬಿಡಬೇಕು. 1948ರ ಮುಂಬಯಿ ಗೇಣಿ ಕಾಯದೆ ಬರುವ ತನಕ, ಮುಂದೆ 1974ರಲ್ಲಿ ಕರ್ನಾಟಕದ ಭೂಸುಧಾರಣೆ ಕಾಯದೆಗೆ ಬಿಗಿಯಾದ ತಿದ್ದುಪಡಿ ಬರುವ ತನಕ, ಉಳುವವನ ಬೆವರಿಗೆ ಕಾಗದದ ಮೇಲೆ ಬೆಲೆ ಇರಲಿಲ್ಲ. ಅಂತರ್ಜಾಲದ ಅಂಗಡಿಕಾರನು ಇಂದು ಆ ಕಾಯದೆಗಳ ಹಿಂದಿನ ಕಾಲದಲ್ಲಿ ನಿಂತಿದ್ದಾನೆ. ಅವನು ಲಾವಣಿದಾರ, ಆದರೆ ಅವನನ್ನು ಕಾಯುವ ಕಾಯದೆ ಇನ್ನೂ ಹುಟ್ಟಿಲ್ಲ.

ಇದು ಬರಿಯ ಭೀತಿಯ ಮಾತೇ? ನಡೆದುದನ್ನು ನೋಡಿರಿ. ಜಿಯೋಸಿಟೀಸನ್ನು 1999ರಲ್ಲಿ ಯಾಹೂ ಕಂಪನಿ ಕೊಂಡಿತು, 2009ರ ಅಕ್ಟೋಬರದಲ್ಲಿ ಮುಚ್ಚಿತು. ಲಕ್ಷಾಂತರ ಜನ ಕಟ್ಟಿದ ಪುಟಗಳು ಒಂದೇ ಅಪ್ಪಣೆಗೆ ಅಳಿದವು. ಅದು ಹಳೆಯ ಕಥೆಯೆಂದರೆ ನಮ್ಮ ಮನೆಯ ಬಾಗಿಲಿನ ಕಥೆ ಕೇಳಿರಿ. 2017ರಲ್ಲಿ ಗೂಗಲ್ ಕಂಪನಿ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ವೆಬ್‌ಸೈಟ್ ಕೊಡುವ ಯೋಜನೆಯನ್ನು ತಂದಿತು. ಅಂಗಡಿಯ ಹೆಸರು, ವಿಳಾಸ, ಎರಡು ಫೋಟೋ ಕೊಟ್ಟರೆ ಸಾಕು, ಪುಟ ತಾನೇ ಸಿದ್ಧವಾಗುತ್ತಿತ್ತು. ಜನ ನಂಬಿದರು, ಆ ವಿಳಾಸವನ್ನು ಅಂಗಡಿಯ ಫಲಕದ ಮೇಲೆ ಬರೆಯಿಸಿದರು, ಚೀಲದ ಮೇಲೆ ಅಚ್ಚು ಹಾಕಿಸಿದರು. 2024ರ ಮಾರ್ಚಿನಲ್ಲಿ ಕಂಪನಿ ಆ ಎಲ್ಲ ವೆಬ್‌ಸೈಟುಗಳನ್ನು ನಿಲ್ಲಿಸಿತು. ಜೂನ್ 10ರ ತನಕ ಹಳೆಯ ವಿಳಾಸಕ್ಕೆ ಬಂದ ಗಿರಾಕಿಯನ್ನು ಗೂಗಲಿನದೇ ವಿವರ-ಪುಟಕ್ಕೆ ಸಾಗಿಸಿತು. ಆಮೇಲೆ ಅದೂ ಇಲ್ಲ. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇರಲಿಕ್ಕಿಲ್ಲ. ಪುಕ್ಕಟೆ ಕೊಟ್ಟವರು ಹಿಂದಕ್ಕೆ ತೆಗೆದುಕೊಂಡರು. ಆದರೆ ಫಲಕ ಬರೆಯಿಸಿದ ಖರ್ಚು ಯಾರ ಖಾತೆಗೆ? ಮರಳಿ ಬಾರದ ಗಿರಾಕಿ ಯಾರ ಬಾಕಿ?

ಹಣ ಕೊಟ್ಟು ಬಾಡಿಗೆಗೆ ಹಿಡಿದವರ ಸ್ಥಿತಿ ಸ್ವಲ್ಪ ಮೇಲು, ಅಷ್ಟೇ. ವಿಕ್ಸ್‌ನಲ್ಲಿ ಕಟ್ಟಿದ ವೆಬ್‌ಸೈಟನ್ನು ಇದ್ದಂತೆಯೇ ಕಿತ್ತು ಬೇರೆಯವರ ಜಾಗದಲ್ಲಿ ಇಡಲು ಬರುವುದಿಲ್ಲ. ಬಿಟ್ಟರೆ ಹೊಸದಾಗಿಯೇ ಕಟ್ಟಬೇಕು. ಶಾಪಿಫೈನವರ ಕೆಳಗಿನ ದರದ ಯೋಜನೆಯಲ್ಲಿ ತಿಂಗಳ ಬಾಡಿಗೆಯಲ್ಲದೆ, ಹಣ ಪಾವತಿಗೆ ಅವರದಲ್ಲದ ವ್ಯವಸ್ಥೆಯನ್ನು ಬಳಸಿದರೆ ಮಾರಾಟದ ಮೇಲೆ ನೂರಕ್ಕೆ 2ರಂತೆ ಬೇರೆ ಪಟ್ಟಿ. ಅಡತಿ ಅಂಗಡಿಯ ದಲಾಲಿಯನ್ನು ಬಲ್ಲ ನಮ್ಮ ವ್ಯಾಪಾರಿಗಳಿಗೆ ಈ ನೂರಕ್ಕೆ ಎರಡು ಎಂದರೆ ಏನೆಂದು ಹೇಳಬೇಕಾಗಿಲ್ಲ. ಕಿರಕೋಳ ವ್ಯಾಪಾರದಲ್ಲಿ ಉಳಿಯುವುದೇ ಎಷ್ಟು, ಅದರಲ್ಲಿ ಎರಡು ಹೋದರೆ ಉಳಿಯುವುದು ಎಷ್ಟು ಎಂಬುದನ್ನು ಅವರ ಕಿರ್ದಿಯೇ ಹೇಳುತ್ತದೆ.

ಈಗ ಕೆಲಸಗಾರರ ಮಾತಿಗೆ ಬರೋಣ. ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ ದುಕಾನ್ ಎಂಬ ಕಂಪನಿ ನಮ್ಮ ಪೇಟೆಯ ಮಾತನ್ನೇ ಹೆಸರಾಗಿ ಇಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ಮೊಬೈಲಿನಲ್ಲಿ ಅಂಗಡಿ ತೆರೆದುಕೊಡುವ ಕೆಲಸ ಮಾಡಿತು. 2023ರ ಜುಲೈದಲ್ಲಿ ಅದರ ಸಂಸ್ಥಾಪಕರೇ ಜಗಜ್ಜಾಹೀರಾಗಿ ಒಂದು ಸುದ್ದಿ ಕೊಟ್ಟರು. ಗಿರಾಕಿಗಳ ಪ್ರಶ್ನೆಗೆ ಉತ್ತರಿಸುವ ತಮ್ಮ ಸಿಬ್ಬಂದಿಯಲ್ಲಿ ನೂರಕ್ಕೆ 90 ಜನರನ್ನು ತೆಗೆದು ಅವರ ಜಾಗದಲ್ಲಿ ಮಾತನಾಡುವ ಯಂತ್ರವನ್ನು ಕೂರಿಸಿದ್ದೇವೆ, ಆ ಖರ್ಚು ನೂರಕ್ಕೆ 85ರಷ್ಟು ಇಳಿದಿದೆ ಎಂಬುದು ಆ ಸುದ್ದಿ. ಅಂಗಡಿ ಕಟ್ಟುವ ಕುಶಲತೆಯನ್ನು ಯಂತ್ರಕ್ಕೆ ಒಪ್ಪಿಸಿದವರು ಅಂಗಡಿಕಾರನೊಡನೆ ಮಾತನಾಡುವ ಮನುಷ್ಯನನ್ನೂ ಯಂತ್ರಕ್ಕೆ ಒಪ್ಪಿಸಿದರು.

ಗಿರಣಿ ಕಾಮಗಾರರಿಗೆ ಈ ರಾಗ ಹೊಸದಲ್ಲ. 1955ರಲ್ಲಿ ಕಾನಪುರದ ಅರಿವೆ ಗಿರಣಿಗಳ ಕಾಮಗಾರರು ‘ರ‍್ಯಾಶನಲೈಝೇಶನ್’ ಎಂಬ ಹೆಸರಿನಲ್ಲಿ ಬಂದ ಕೆಲಸಕಡಿತದ ವಿರುದ್ಧ 80 ದಿನ ಮುಷ್ಕರ ಹೂಡಿದ್ದರು. ಒಬ್ಬನು ಎರಡು ಮಗ್ಗ ನೋಡುವಲ್ಲಿ ನಾಲ್ಕು ಮಗ್ಗ ನೋಡಿದರೆ ಉತ್ಪಾದನೆ ಹೆಚ್ಚುವುದು ನಿಜ. ಹೆಚ್ಚಿದುದು ಯಾರ ಮನೆಗೆ ಹೋಗಬೇಕು ಎಂಬುದೇ ಅಂದಿನ ಜಗಳ. ಇಂದಿನ ಜಗಳವೂ ಅದೇ, ಮಗ್ಗ ಮಾತ್ರ ಬೇರೆ. ನಮ್ಮ ಹುಡುಗರು ಸಾಲ ಮಾಡಿ ಕಲಿತ ಕಸಬನ್ನು ತಿಂಗಳ ಬಾಡಿಗೆಯ ಯಂತ್ರವೊಂದು ಅಗ್ಗವಾಗಿ ಮಾಡಿಕೊಟ್ಟರೆ ಆ ಹುಡುಗರು ಎಲ್ಲಿಗೆ ಹೋಗಬೇಕು? ಬೇರೆ ಕಸಬು ಕಲಿಯಲಿ ಎಂದು ಹೇಳುವುದು ಸುಲಭ. ಆದರೆ ಕಲಿಯುವ ತಿಂಗಳುಗಳಲ್ಲಿ ಒಲೆ ಹೊತ್ತಿಸುವವರು ಯಾರು ಎಂಬುದಕ್ಕೆ ಇಂಥ ಉಪದೇಶ ಮಾಡುವವರು ಉತ್ತರ ಕೊಡಬೇಕು.

ಹಾಗೆಂದು ಆ ಹುಡುಗರಿಗೆ ನಾವು ಸುಳ್ಳು ಸಮಾಧಾನ ಹೇಳಲಾರೆವು. ಹೂವಿನ ಅಂಚು ಹಚ್ಚಿ, ಫೋಟೋ ಕೂರಿಸಿ, ನಾಲ್ಕು ಪುಟದ ವೆಬ್‌ಸೈಟ್ ಮಾಡಿಕೊಟ್ಟು ಹಣ ಪಡೆಯುವ ಕೆಲಸ ಇನ್ನು ಹೆಚ್ಚು ದಿನ ಬಾಳಲಿಕ್ಕಿಲ್ಲ. ಬಾಳುವ ಕೆಲಸ ಬೇರೆ ಇದೆ. ವ್ಯಾಪಾರಿಯ ಲೆಕ್ಕ, ದಾಸ್ತಾನು, ಸರಕು ಸಾಗಣೆ, ತೆರಿಗೆ ಇವನ್ನು ಅರಿತು ಅವನಿಗೆ ತಕ್ಕ ವ್ಯವಸ್ಥೆಯನ್ನು ಕೂರಿಸುವುದು, ಕೆಟ್ಟಾಗ ರಿಪೇರಿ ಮಾಡುವುದು, ಕಳ್ಳರಿಂದ ಕಾಯುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಅದಕ್ಕೆ ಯಂತ್ರದ ಒಳಗಿನದು ಗೊತ್ತಿರಬೇಕು. ಗುಂಡಿ ಒತ್ತುವುದನ್ನಷ್ಟೇ ಕಲಿಸಿ ಪ್ರಮಾಣಪತ್ರ ಹಂಚುವ ತರಗತಿಗಳು ಈ ಹುಡುಗರಿಗೆ ದ್ರೋಹ ಮಾಡುತ್ತವೆ.

ಇನ್ನು ನವಲಗುಂದದ ಸ್ವಂತ ಪ್ರಶ್ನೆ. ಈ ಊರಿನ ಜಮಖಾನೆಯ ಹೆಸರು ದೇಶದ ಹೊರಗೂ ಗೊತ್ತಿದೆ. ಬಿಜಾಪುರದ ಕಡೆಯಿಂದ ಆದಿಲಶಾಹಿ ಕಾಲದಲ್ಲಿ ಬಂದು ನೆಲೆಸಿದ ಮನೆತನಗಳ ಕಸಬಿದು ಎಂಬುದು ಹೇಳಿಕೆ. ನೇಯುವವರು ಹೆಣ್ಣುಮಕ್ಕಳು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಕೈಯಿಂದ ನೂಲು ಸೇರಿಸಿ, ಪಂಜದಿಂದ ಬಡಿದು, ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸುತ್ತಾರೆ. ಚಿತ್ತಾರಕ್ಕೆ ರಟ್ಟಿಲ್ಲ, ಕಾಗದವಿಲ್ಲ, ಇರುವುದು ತಲೆಯಲ್ಲಿ ಮತ್ತು ಬೆರಳಿನಲ್ಲಿ. 1999ರ ಕಾಯದೆಯ ಮೇರೆಗೆ ಈ ಜಮಖಾನೆಗೆ ಭೌಗೋಳಿಕ ಗುರುತು ದೊರೆತಿದೆ. ಗುರುತು ದೊರೆತರೂ ನೇಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ದಿನಗಟ್ಟಲೆ ಬೆನ್ನು ಬಗ್ಗಿಸಿ ಪಡೆಯುವ ಕೂಲಿ ಹೊಲದ ಕೂಲಿಗೂ ಸಮನಾಗದಿದ್ದರೆ ಮಗಳಿಗೆ ಈ ಕಸಬನ್ನು ಯಾವ ತಾಯಿ ಕಲಿಸಿಯಾಳು?

ಇಂಥ ಕಸಬಿಗೆ ವೆಬ್‌ಸೈಟ್ ಒಂದು ಸಂಜೀವಿನಿ ಎಂದು ಹೇಳುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಬೆಂಗಳೂರು, ಮುಂಬಯಿಗಳ ಗಿರಾಕಿಯು ನೇಯುವವರಿಂದಲೇ ನೇರವಾಗಿ ಕೊಂಡರೆ ನಡುವಿನ ಕೈಗಳು ಕಡಿಮೆಯಾಗಿ ಕೂಲಿ ಏರಬಹುದು. ಆದರೆ ಪರದೆಯ ಮೇಲೆ ಕೈಮಗ್ಗದ ಜಮಖಾನೆಯೂ ವಿದ್ಯುತ್ ಮಗ್ಗದ ಚಾಪೆಯೂ ಒಂದೇ ಅಳತೆಯ ಚಿತ್ರ. ಮುಟ್ಟಿ ನೋಡಲು ಬರುವುದಿಲ್ಲ, ಮಡಿಚಿ ನೋಡಲು ಬರುವುದಿಲ್ಲ. ಅರ್ಧ ತಾಸಿನಲ್ಲಿ ನೇಕಾರಳು ಅಂಗಡಿ ತೆರೆಯಬಹುದಾದರೆ ಅದೇ ಅರ್ಧ ತಾಸಿನಲ್ಲಿ ಎಲ್ಲಿಯೋ ಕುಳಿತ ಮತ್ತೊಬ್ಬನು ನವಲಗುಂದದ ಹೆಸರನ್ನೇ ಹಚ್ಚಿ ಗಿರಣಿಯ ಮಾಲನ್ನು ಮಾರಲು ಕೂರಬಹುದು. ಬಾಗಿಲು ಎಲ್ಲರಿಗೂ ತೆರೆದಾಗ ಕಳ್ಳನಿಗೂ ತೆರೆದಿರುತ್ತದೆ. ಆದ್ದರಿಂದ ಇಲ್ಲಿ ಬೇಕಾದುದು ಒಬ್ಬೊಬ್ಬರಿಗೆ ಒಂದೊಂದು ಅಂಗಡಿಯಲ್ಲ. ನೇಯುವವರೆಲ್ಲರಿಗೂ ಸೇರಿ, ಗುರುತಿನ ಚೀಟಿಯಿದ್ದ ಒಂದೇ ಅಂಗಡಿ. ಪ್ರತಿಯೊಂದು ಜಮಖಾನೆಗೆ ಸಂಖ್ಯೆ ಇರಲಿ, ನೇಯ್ದವಳು ಒಪ್ಪಿದರೆ ಅವಳ ಹೆಸರಿರಲಿ, ಎಷ್ಟು ದಿನದ ಕೆಲಸ, ಎಷ್ಟು ಕೂಲಿ ಎಂಬ ಲೆಕ್ಕವಿರಲಿ. ಬೆಲೆ ಏಕೆ ಹೆಚ್ಚು ಎಂಬುದು ಗಿರಾಕಿಗೆ ತಿಳಿದರೆ ಅವನು ಕೊಡುವ ಮನಸ್ಸು ಮಾಡುತ್ತಾನೆ. ಕಲಘಟಗಿಯ ತೊಟ್ಟಿಲಿನವರಿಗೂ ಇದೇ ದಾರಿ.

ಭಾಷೆಯ ಮಾತನ್ನೂ ಬಿಡುವಂತಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೂಡಲಿಕ್ಕೆ ಎಷ್ಟು ಜನ ಬೆವರು ಸುರಿಸಿದ್ದಾರೆ! ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಬರಹ, ನುಡಿ ತಂತ್ರಾಂಶಗಳು ಬಂದವು. ವೆಬ್‌ಸೈಟಿನ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೊನೆಗೆ ‘.ಭಾರತ’ ಎಂದು ಇಡುವ ಅವಕಾಶವೂ ಇದೆ. ಇಷ್ಟಾದರೂ ಕೋಡ್ ಬೇಡವೆಂದು ಸಾರುವ ಈ ವೇದಿಕೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಬೇಕೇ ಬೇಕೆಂದು ಬಾಗಿಲಲ್ಲಿ ನಿಲ್ಲಿಸುತ್ತವೆ. ಒಂದು ಬೀಗ ತೆಗೆದು ಮತ್ತೊಂದು ಬೀಗ ಹಾಕಿದರೆ ಒಳಗೆ ಬಂದವರು ಯಾರು? ಕರಾರಿನ ಷರತ್ತುಗಳಂತೂ ಇಂಗ್ಲಿಷ್ ಬಲ್ಲವರೂ ಓದಲಾರದಷ್ಟು ಉದ್ದ. ಓದದೆ ಒಪ್ಪಿಗೆಯ ಗುಂಡಿ ಒತ್ತುವುದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ಸಾವಕಾರನ ಮನೆಯಲ್ಲಿ ನಮ್ಮ ಹಿರಿಯರು ಇಂಥ ಹೆಬ್ಬೆಟ್ಟು ಒತ್ತಿ ಪಟ್ಟ ಪಾಡು ಮರೆಯುವಂಥದಲ್ಲ.

ಹಾಗಾದರೆ ಏನು ಮಾಡಬೇಕು? ವ್ಯಾಪಾರಿ ಬಂಧುಗಳಿಗೆ ನಮ್ಮ ಸಲಹೆ ಇದು. ಬಾಡಿಗೆಯ ವೇದಿಕೆಯನ್ನು ಬೇಕಾದರೆ ಬಳಸಿರಿ. ಆದರೆ ಅಂಗಡಿಯ ವಿಳಾಸವನ್ನು, ಅಂದರೆ ಡೊಮೇನ್ ಹೆಸರನ್ನು, ನಿಮ್ಮ ಹೆಸರಿನಲ್ಲಿಯೇ ಕೊಂಡಿಟ್ಟುಕೊಳ್ಳಿರಿ; ಮಾಡಿಕೊಡುವವನ ಹೆಸರಿನಲ್ಲಿ ಬೇಡ, ಕಂಪನಿ ಕೊಡುವ ಪುಕ್ಕಟೆ ವಿಳಾಸವನ್ನೂ ನಂಬಬೇಡಿರಿ. ವಿಳಾಸ ನಿಮ್ಮದಾದರೆ ಮನೆ ಬದಲಾದರೂ ಗಿರಾಕಿ ತಪ್ಪಲಾರ. ಸರಕಿನ ಫೋಟೋ, ಬೆಲೆಪಟ್ಟಿ, ಗಿರಾಕಿಗಳ ಖಾತೆ ಇವುಗಳ ಪ್ರತಿಯನ್ನು ತಿಂಗಳಿಗೊಮ್ಮೆಯಾದರೂ ನಿಮ್ಮ ಹತ್ತಿರ ಇಳಿಸಿಕೊಳ್ಳಿರಿ. ಒಳಗೆ ಹೋಗುವ ಮೊದಲು ಹೊರಗೆ ಬರುವ ದಾರಿ ಕೇಳಿರಿ.

ಎರಡನೆಯದು, ಬಾಡಿಗೆಯಲ್ಲದ ದಾರಿಯೂ ಇದೆ. ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಯಾವ ಒಬ್ಬ ಮಾಲಕನದೂ ಅಲ್ಲದ ಮುಕ್ತ ತಂತ್ರಾಂಶ. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಅದರ ಮೇಲೆಯೇ ನಡೆದಿವೆ. ಅದನ್ನು ಯಾರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಒಂದು ಜಾಗದಿಂದ ಕಿತ್ತು ಮತ್ತೊಂದು ಜಾಗದಲ್ಲಿ ನಿಲ್ಲಿಸಬಹುದು. ಒಬ್ಬ ಸಣ್ಣ ವ್ಯಾಪಾರಿಗೆ ಅದರ ನಿಗಾ ಭಾರವಾಗಬಹುದು. ಮೂವತ್ತು ಜನ ಸೇರಿ ಒಂದು ಸಹಕಾರಿ ಕಟ್ಟಿದರೆ ಭಾರವಾಗದು. ನೂರು ವರ್ಷಕ್ಕೂ ಹಿಂದೆ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿ ಸಾವಕಾರನ ಬಡ್ಡಿಗೆ ಉತ್ತರ ಕೊಟ್ಟ ನಾಡು ಇದು. ಈ ಹೊಸ ಬಾಡಿಗೆಗೂ ಅದೇ ಉತ್ತರ ಸಲ್ಲುತ್ತದೆ. ಕಸಬು ಕಳೆದುಕೊಳ್ಳುವ ಭಯದಲ್ಲಿರುವ ನಮ್ಮ ಹುಡುಗರಿಗೆ ಆ ಸಹಕಾರಿಯಲ್ಲಿಯೇ ಪಗಾರದ ಕೆಲಸ ಕೊಟ್ಟರೆ ವ್ಯಾಪಾರಿಯ ಹಿತವೂ ದುಡಿಯುವವನ ಹಿತವೂ ಒಂದೇ ಕಟ್ಟಿಗೆ ಸೇರುತ್ತವೆ.

ಮೂರನೆಯದು ಸರಕಾರದ ಪಾಲಿನ ಕೆಲಸ. 2011ರ ಜನೇವರಿಯಿಂದ ದೇಶದ ತುಂಬ ಮೊಬೈಲ್ ನಂಬರು ಬದಲಿಸದೆ ಕಂಪನಿ ಬದಲಿಸುವ ಹಕ್ಕು ನಮಗೆ ಬಂದಿದೆ. ಆ ಹಕ್ಕು ಬರುವ ಮೊದಲು ಗಿರಾಕಿಗಳ ಭಯದಿಂದ ಒಂದೇ ಕಂಪನಿಗೆ ಕಟ್ಟುಬಿದ್ದ ವ್ಯಾಪಾರಿಗಳು ಎಷ್ಟು ಜನ! ಅಂಗಡಿಯ ವೆಬ್‌ಸೈಟಿಗೂ ಇಂಥ ಹಕ್ಕು ಏಕಿರಬಾರದು? ವೈಯಕ್ತಿಕ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಸರಕಾರದ 2019ರ ಮಸೂದೆಯಲ್ಲಿತ್ತು. 2023ರಲ್ಲಿ ಕಾಯದೆಯಾದಾಗ ಅದು ಉಳಿಯಲಿಲ್ಲ. ಯುರೋಪಿನವರಿಗೆ ಆ ಹಕ್ಕು 2018ರಿಂದಲೇ ಇದೆ. ಅಂಗಡಿಯ ಸಾಮಾನನ್ನು ಕಟ್ಟಿಕೊಂಡು ಹೊರಡುವ ಹಕ್ಕು, ಮುಚ್ಚುವ ಮೊದಲು ಸಾಕಷ್ಟು ದಿನದ ನೋಟೀಸು, ಕನ್ನಡದಲ್ಲಿ ಕರಾರು, ಈ ಮೂರನ್ನು ಕಾಯದೆಯಲ್ಲಿ ಬರೆಯಬೇಕೆಂಬುದು ನಮ್ಮ ಬೇಡಿಕೆ. ನಮ್ಮ ಭಾಗದ ಶಾಸಕರೂ ಲೋಕಸಭೆಯ ಸದಸ್ಯರೂ ಇದರ ಬಗ್ಗೆ ಬಾಯಿ ಬಿಡಬೇಕು.

ಇದೆಲ್ಲ ಸಣ್ಣ ಊರಿನವರ ದೊಡ್ಡ ಮಾತು ಎಂದು ನಗುವವರು ಇದ್ದಾರು. ಅವರಿಗೆ 1980ರ ಜುಲೈ 21ನ್ನು ನೆನಪಿಸುತ್ತೇವೆ. ಮಲಪ್ರಭೆಯ ನೀರು ನೆಟ್ಟಗೆ ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದಾಗ ಇದೇ ನವಲಗುಂದ, ಇದೇ ನರಗುಂದ ಎದ್ದು ನಿಂತು, ಏತಕ್ಕಾಗಿ ಕೊಡಬೇಕು ಎಂದು ಕೇಳಿದವು. ಗುಂಡಿಗೆ ರೈತರ ಪ್ರಾಣ ಹೋಯಿತು. ಆದರೆ ಆ ಪ್ರಶ್ನೆ ಇಡೀ ರಾಜ್ಯದ ರೈತ ಚಳವಳಿಯ ಪ್ರಶ್ನೆಯಾಯಿತು. ಕೊಡುವ ಪ್ರತಿಯೊಂದು ರೂಪಾಯಿಗೂ ಏತಕ್ಕೆ ಎಂದು ಕೇಳುವ ಹಕ್ಕು ಈ ಮಣ್ಣಿನವರು ಬೆಲೆ ತೆತ್ತು ಪಡೆದ ಹಕ್ಕು.

ಎರೆಭೂಮಿಯಲ್ಲಿ ಮನೆ ಕಟ್ಟುವವನು ಮೊದಲು ಬುನಾದಿ ನೋಡುತ್ತಾನೆ. ಮೇಲಿನ ಬಣ್ಣ ಎಷ್ಟು ಚೆಂದವಿದ್ದರೂ ಬುನಾದಿ ಹಿಡಿಯದಿದ್ದರೆ ಒಂದೇ ಬೇಸಿಗೆಗೆ ಗೋಡೆ ಬಿರಿಯುವುದೆಂದು ಅವನಿಗೆ ಗೊತ್ತಿದೆ. ಅಂತರ್ಜಾಲದ ಅಂಗಡಿಗೂ ಅದೇ ಲೆಕ್ಕ ಹಚ್ಚಿರಿ. ಅರ್ಧ ತಾಸಿನಲ್ಲಿ ಅಂಗಡಿ ತೆರೆಯಿರಿ, ಸಂತೋಷ. ಜೊತೆಗೆ ಇನ್ನರ್ಧ ತಾಸು ಕುಳಿತು ವಿಳಾಸ ಯಾರ ಹೆಸರಿನಲ್ಲಿದೆ, ಖಾತೆ ಯಾರ ಕೈಯಲ್ಲಿದೆ, ಕೀಲಿ ಯಾರ ಹತ್ತಿರವಿದೆ ಎಂಬುದನ್ನು ನೋಡಿರಿ. ಒಬ್ಬೊಬ್ಬರಾಗಿ ನೋಡಿದರೆ ಭಯವಾದೀತು. ವ್ಯಾಪಾರಿಗಳೂ ನೇಕಾರರೂ ಕಸಬು ಬಲ್ಲ ಹುಡುಗರೂ ಕೂಡಿ ನೋಡಿದರೆ ದಾರಿ ಕಾಣುತ್ತದೆ. ಆ ಕೂಡುವ ಕೆಲಸ ನವಲಗುಂದದಿಂದಲೇ ಆರಂಭವಾಗಲಿ.